ಜಾತ್ರೆಯೋ, ಅಂಗಡಿಯೋ, ಫೋನೋ: ಕೈಕೆಲಸದ ವಸ್ತು ಮಾರಲು ಯಾವ ದಾರಿ?

ಅತ್ತಿಗೆ ಮೊದಲ ಚೀಲ ಹೊಲಿದು ಮುಗಿಸಿದಾಗ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ಎಷ್ಟು ಚಂದ ಆಗಿದೆ ಮಾರಾಯ್ತಿ, ಮಾರಾಟಕ್ಕೆ ಇಡು." ಎಲ್ಲಿ ಇಡಬೇಕು, ಎಷ್ಟಕ್ಕೆ ಇಡಬೇಕು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಹಾಗೆ ಹೇಳಿದವರಲ್ಲಿ ಒಬ್ಬರೂ ಕೊಳ್ಳಲೂ ಇಲ್ಲ, ಅದು ಬೇರೆ ವಿಷಯ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ತೋಟ, ನಡುನಡುವೆ ಬಾಳೆ. ಗೊನೆ ಕಡಿದ ಮೇಲೆ ಬಾಳೆಯ ಕಂಬ ತೋಟದಲ್ಲೇ ಕೊಳೆಯುತ್ತಿತ್ತು. ಅದರ ಪಟ್ಟೆ ಬಿಡಿಸಿ, ಕೆರೆದು ನಾರು ತೆಗೆದು, ಒಣಗಿಸಿ, ಜಡೆ ಹೆಣೆದು ಅತ್ತಿಗೆ ಚೀಲ ಮಾಡತೊಡಗಿದರು. ಲೆಕ್ಕ, ಫೋನು, ಓಡಾಟ ನನ್ನ ಪಾಲು. ನಾಲ್ಕು ಬಗೆಯ ಮಾರಾಟವನ್ನೂ ಮಾಡಿ ನೋಡಿದ್ದೇವೆ. ನೀವು ಅಡಿಕೆ ಹಾಳೆಯ ವಸ್ತು ಮಾಡುವವರಿರಬಹುದು, ಲಾವಂಚದ ಬೇರು ಹೆಣೆಯುವವರಿರಬಹುದು, ತೆಂಗಿನ ಚಿಪ್ಪು ಉಜ್ಜುವವರಿರಬಹುದು. ದಾರಿಗಳು ಹೆಚ್ಚುಕಡಿಮೆ ಇವೇ.

ದಾರಿ ಆರಿಸುವ ಮೊದಲು ಒಂದು ಕೆಲಸ ಇದೆ. ನಾವು ಅದನ್ನು ಮಾಡಲಿಲ್ಲ, ಅದಕ್ಕೇ ಮೊದಲ ವರ್ಷ ಕೈಯಿಂದ ಹಾಕಿದೆವು.

ಒಂದು ಚೀಲಕ್ಕೆ ನಿಜವಾಗಿ ಎಷ್ಟು ಬಿತ್ತು?

ಮೊದಲ ಚೀಲಕ್ಕೆ ನಾವು ಇಟ್ಟ ಬೆಲೆ 350 ರೂಪಾಯಿ. ಯಾಕೆ 350? "ಅದಕ್ಕಿಂತ ಜಾಸ್ತಿ ಯಾರು ಕೊಡ್ತಾರೆ" ಅನ್ನುವ ಅಂದಾಜು, ಅಷ್ಟೇ. ನಾರು ತೋಟದ್ದು, ಹಾಗಾಗಿ ಪುಕ್ಕಟೆ ಅಂದುಕೊಂಡಿದ್ದೆವು. ಅತ್ತಿಗೆಯ ಸಮಯವೂ ಪುಕ್ಕಟೆ!

ಆಮೇಲೆ ಒಂದು ಸಂಜೆ ಕೂತು ಬರೆದೆವು. ನಾರು ತೆಗೆದು ಒಣಗಿಸಲು ತಗಲುವ ಕೂಲಿ ಹಿಡಿದರೆ ಚೀಲವೊಂದಕ್ಕೆ 90 ರೂಪಾಯಿ. ಒಳಬಟ್ಟೆ, ಜಿಪ್, ದಾರ 70. ಹೆಣೆದು ಹೊಲಿಯಲು ಐದು ಗಂಟೆ. ತೋಟದ ಕೆಲಸಕ್ಕೆ ಹೋದರೆ ಸಿಗುವ ಕೂಲಿ ನೋಡಿ ಗಂಟೆಗೆ 60 ಅಂತ ಹಿಡಿದೆವು, ಅಲ್ಲಿಗೆ 300. ಹಾಳಾದ ತುಂಡು, ಕರೆಂಟು, ಪೇಟೆಗೆ ಹೋಗಿಬರುವ ಬಸ್ ಚಾರ್ಜು ಸೇರಿ 40. ಒಟ್ಟು 500.

ಅಂದರೆ ಪ್ರತಿ ಚೀಲದ ಜೊತೆ ನಾವು 150 ರೂಪಾಯಿಯನ್ನೂ ಕೊಟ್ಟು ಕಳಿಸುತ್ತಿದ್ದೆವು. ಅತ್ತಿಗೆ ಆ ಕಾಗದ ನೋಡಿ, "ಹಂಗಾದ್ರೆ ನಾನು ತೋಟಕ್ಕೆ ಹೋಗೋದೇ ಚಲೋ ಅಲ್ವಾ" ಅಂದರು. ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಬೆಲೆಯನ್ನು 800ಕ್ಕೆ ಏರಿಸಿದೆವು. ಮುಂದಿನ ಲೆಕ್ಕವೆಲ್ಲ ಇದೇ ಚೀಲದ್ದು: ಬಿದ್ದದ್ದು 500, ಮಾರುವ ಬೆಲೆ 800, ನಡುವೆ 300. ಈ ಮುನ್ನೂರನ್ನು ಯಾವ ದಾರಿ ಎಷ್ಟು ತಿನ್ನುತ್ತದೆ ಅನ್ನುವುದೇ ಹೋಲಿಕೆ. ನಿಮ್ಮ ಅಂಕಿ ಬೇರೆ ಇರುತ್ತದೆ, ಇದೇ ಕ್ರಮದಲ್ಲಿ ಬರೆದು ನೋಡಿ.

ಜಾತ್ರೆ, ಉತ್ಸವ, ಮೇಳ

ಶಿರಸಿಯವರಿಗೆ ಜಾತ್ರೆ ಅಂದರೆ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಷ್ಟು ಜನ ಕಂಡಾಗ ಯಾರಿಗಾದರೂ ಒಂದು ಅಂಗಡಿ ಹಾಕೋಣ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ಜಾತ್ರೆಗೆ ಬರುವವರ ಕೈಯಲ್ಲಿ ಮಕ್ಕಳಿರುತ್ತಾರೆ, ಮಕ್ಕಳ ಕೈಯಲ್ಲಿ ಪೀಪಿ ಇರುತ್ತದೆ. ದೇವಿಯ ದರ್ಶನ, ತೊಟ್ಟಿಲು, ಬೆಂಡು-ಬತ್ತಾಸು, ಬಳೆ. ಅಲ್ಲಿ ಓಡುವುದು ಐವತ್ತು, ನೂರು, ಹೆಚ್ಚೆಂದರೆ ಇನ್ನೂರರ ಸಾಮಾನು. ಎಂಟುನೂರರ ಚೀಲದ ಮುಂದೆ ಜನ ನಿಲ್ಲುತ್ತಾರೆ, ಮುಟ್ಟುತ್ತಾರೆ, "ಇದು ಬಾಳೆದಾ? ಹೌದಾ?" ಅಂತ ಆಶ್ಚರ್ಯಪಟ್ಟು ಮುಂದೆ ಹೋಗುತ್ತಾರೆ. ಜಾಗದ ಬಾಡಿಗೆಯೂ ಕೈ ಸುಡುತ್ತದೆ.

ಬನವಾಸಿಯ ಕದಂಬೋತ್ಸವ, ಕಾರವಾರದ ಕರಾವಳಿ ಉತ್ಸವ, ಅಲ್ಲಲ್ಲಿ ಆಗುವ ಹಲಸಿನ ಮೇಳ, ಕೃಷಿ ಮೇಳಗಳ ಗಿರಾಕಿಯೇ ಬೇರೆ. ಅಲ್ಲಿಗೆ ಬರುವವರು ನೋಡಲಿಕ್ಕೇ ಬಂದವರು, ಸಮಯ ಇರುತ್ತದೆ.

ಒಂದು ಮೇಳದ ಲೆಕ್ಕ ಹೇಳುತ್ತೇನೆ. ನಾಲ್ಕು ದಿನದ ಬಾಡಿಗೆ, ಗಾಡಿ ಖರ್ಚು, ಇಬ್ಬರ ಊಟ-ವಸತಿ ಸೇರಿ 9,000 ಆಯಿತು ಅನ್ನಿ. ಚೀಲಕ್ಕೆ 300ರಂತೆ 30 ಚೀಲ ಮಾರಿದರೆ ಲಾಭ ಸೊನ್ನೆ. 60 ಮಾರಿದರೆ ಚೀಲಕ್ಕೆ 150 ಉಳಿಯಿತು. ಇದರಲ್ಲಿ ನಾಲ್ಕು ದಿನ ಇಬ್ಬರು ಕೂತದ್ದಕ್ಕೆ ಕೂಲಿ ಹಿಡಿದಿಲ್ಲ.

ಹಾಗಾದರೆ ಯಾಕೆ ಹೋಗಬೇಕು? ಮಾರಲಿಕ್ಕೆ ಅಲ್ಲ, ನೋಡಲಿಕ್ಕೆ. ಮೇಳದ ಎರಡನೇ ದಿನ ನಾನು ಸುಮ್ನೆ ಕೂತು ಬಂದವರ ಕೈಯನ್ನೇ ಗಮನಿಸುತ್ತಿದ್ದೆ. ಹೆಂಗಸರು ಚೀಲ ಎತ್ತಿಕೊಂಡ ಕೂಡಲೇ ಮೊದಲು ಕೈ ಒಳಗೆ ಹಾಕುತ್ತಿದ್ದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಡವುತ್ತಿದ್ದರು. ಏನೋ ಸಿಗಲಿಲ್ಲ ಅನ್ನುವ ಹಾಗೆ ಕೈ ಹೊರಗೆ ತೆಗೆದು ಚೀಲ ಕೆಳಗಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು: ಮೊಬೈಲ್ ಇಡಲು ಒಳಗೆ ಕಿಸೆ ಇಲ್ಲ! ಮನೆಗೆ ಬಂದು ಅತ್ತಿಗೆ ಹದಿನೈದು ರೂಪಾಯಿಯ ಬಟ್ಟೆಯಲ್ಲಿ ಒಂದು ಕಿಸೆ ಹೊಲಿದರು. ಮುಂದಿನ ಮೇಳದಲ್ಲಿ ಅದೇ ಚೀಲ, ಅದೇ ಬೆಲೆ, ಕೈ ಹಾಕಿದವರು ಕೆಳಗಿಡುವ ಬದಲು ಹೆಗಲಿಗೆ ಹಾಕಿ ನೋಡತೊಡಗಿದರು. ಫೋನಿನಲ್ಲಿ ಫೋಟೋ ಹಾಕಿ ಹತ್ತು ವರ್ಷ ಮಾರಿದ್ದರೂ ಇದು ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಹೊಸ ವಸ್ತು ಇದ್ದರೆ ಮೊದಲ ವರ್ಷ ಒಂದೆರಡು ಸಣ್ಣ ಮೇಳಕ್ಕೆ ಹೋಗಿ. ಬಾಡಿಗೆಯನ್ನು ಪಾಠದ ಫೀಸು ಅಂತ ಬರೆದಿಡಿ. ಇನ್ನೊಂದು ಮಾತು: ಮೇಜಿನ ಮುಂಭಾಗದಲ್ಲಿ ನೂರರೊಳಗಿನ ಏನಾದರೂ ಇರಲಿ, ಲೋಟದ ಅಡಿಗೆ ಇಡುವ ಚಕ್ಕೆಯೋ, ಕೀಲಿಗೊಂಚಲೋ. ಬಾಡಿಗೆ ಹುಟ್ಟುವುದು ಅದರಿಂದಲೇ.

ಅಂಗಡಿಯಲ್ಲಿ ಇಡುವುದು

ಗೋಕರ್ಣ, ಮುರ್ಡೇಶ್ವರದಂಥ ಕಡೆ ಪ್ರವಾಸಿಗರು ಬರುತ್ತಾರೆ, ಅಂಗಡಿಗಳಿವೆ. ಶಿರಸಿ, ಕುಮಟಾ, ಕಾರವಾರದಲ್ಲೂ ಇಂಥ ವಸ್ತು ಇಡುವವರು ಸಿಗುತ್ತಾರೆ. ಇದರಲ್ಲಿ ಎರಡು ಪದ್ಧತಿ. ಒಂದು, ಅಂಗಡಿಯವರು ದುಡ್ಡು ಕೊಟ್ಟು ಕೊಂಡುಬಿಡುವುದು. ಇನ್ನೊಂದು, ಮಾರಿದ ಮೇಲೆ ದುಡ್ಡು.

ಕೊಂಡುಬಿಡುವವರು ಹೆಚ್ಚಾಗಿ ಅರ್ಧ ಬೆಲೆಗೆ ಕೇಳುತ್ತಾರೆ. 800ರ ಚೀಲ 400ಕ್ಕೆ. ನಮಗೆ ಬಿದ್ದದ್ದೇ 500, ಹಾಗಾಗಿ ಆ ಮಾತು ಅಲ್ಲಿಗೇ ನಿಂತಿತು. ಮಾರಿದ ಮೇಲೆ ಕೊಡುವವರು ನೂರಕ್ಕೆ 35 ತಮಗೆ ಅಂದರು. 800ರಲ್ಲಿ 280 ಹೋದರೆ ನಮಗೆ 520. ಇಪ್ಪತ್ತು ರೂಪಾಯಿ ಲಾಭ! ಆದರೂ ಒಪ್ಪಿದೆವು. ಕೂತಲ್ಲೇ ಮಾರಾಟ ಆಗುತ್ತದಲ್ಲ ಅನ್ನುವ ಆಸೆ.

ಮಾರ್ಚ್‌ನಲ್ಲಿ ಕರಾವಳಿಯ ಒಂದು ಅಂಗಡಿಗೆ 40 ಚೀಲ ಕೊಟ್ಟು ಬಂದೆವು. ಹೆಸರು ಬೇಡ. ಲೆಕ್ಕ ಬಾಯಿಮಾತಿನದು. ಏಪ್ರಿಲ್‌ನಲ್ಲಿ ಫೋನ್ ಮಾಡಿದರೆ "ಹೋಗ್ತಾ ಇದೆ" ಅಂದರು. ಮೇ ತಿಂಗಳಲ್ಲಿ ತೋಟದ ಕೆಲಸ, ಮದುವೆ-ಮುಂಜಿ ಅಂತ ನಾವೂ ಮರೆತೆವು. ಜೂನ್‌ನಲ್ಲಿ ಮಳೆ ಹಿಡಿಯಿತು. ಘಟ್ಟ ಇಳಿದು ಹೋದದ್ದು ಸೆಪ್ಟೆಂಬರ್ ಕೊನೆಗೆ. ಅಂಗಡಿಯವರು ಹಿಂದಿನ ಕೋಣೆಯಿಂದ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ತಂದಿಟ್ಟರು. ಬಾಯಿ ಬಿಚ್ಚಿದರೆ ಹಸಿ ಕಟ್ಟಿಗೆಯ ವಾಸನೆ. ನಾರಿನ ಜಡೆಗಳ ಸಂದಿಯಲ್ಲೆಲ್ಲ ಬೂದು ಬಣ್ಣದ ಬೂಸ್ಟು, ಒಳಬಟ್ಟೆಯ ಮೇಲೆ ಕಪ್ಪು ಚುಕ್ಕಿ. ಎಣಿಸಿದರೆ 26. ಉಳಿದ 14ರಲ್ಲಿ 11ಕ್ಕೆ ದುಡ್ಡು ಕೊಟ್ಟರು. ಮೂರು ಎಲ್ಲಿ ಅಂದರೆ, ನೀವು ಕೊಟ್ಟದ್ದೇ 37 ಅಂದರು. ಬರೆದುಕೊಂಡಿರಲಿಲ್ಲವಲ್ಲ, ಏನು ಹೇಳುವುದು.

ಸಿಟ್ಟು ಬಂದದ್ದು ಹೌದು. ಆದರೆ ನಮ್ಮ ಕರಾವಳಿಯ ಮಳೆಯಲ್ಲಿ ಬಾಗಿಲ ಕೀಲಿಗೂ ಬೂಸ್ಟು ಬರುತ್ತದೆ. ಬಾಳೆನಾರಿಗೆ ಬರುವುದಿಲ್ಲ ಅಂದುಕೊಂಡದ್ದು ನಮ್ಮದೇ ತಪ್ಪು.

ಈಗ ಅಂಗಡಿಗೆ ಕೊಡುವಾಗ ಹೀಗೆ ಮಾಡುತ್ತೇವೆ. ಕಾರ್ಬನ್ ಹಾಳೆ ಇಟ್ಟ ಚೀಟಿಪುಸ್ತಕದಲ್ಲಿ ಎಷ್ಟು ಕೊಟ್ಟೆವು, ಬೆಲೆ ಎಷ್ಟು, ಯಾವ ತಾರೀಕಿಗೆ ಲೆಕ್ಕ ಅಂತ ಬರೆದು ಇಬ್ಬರೂ ಸಹಿ. ಒಮ್ಮೆಗೆ ಹತ್ತಕ್ಕಿಂತ ಜಾಸ್ತಿ ಇಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಾತ್ರ, ಪ್ರವಾಸಿಗರು ಬರುವುದೂ ಆಗಲೇ. ಮೇ ಮುಗಿಯುವುದರೊಳಗೆ ಉಳಿದದ್ದು ವಾಪಸು ಮನೆಗೆ. ಅಂಗಡಿಗೆ ಕೊಡುವುದಾದರೆ ಬೆಲೆಯನ್ನೂ ಅದಕ್ಕೆ ತಕ್ಕಂತೆ ಮೊದಲೇ ಇಡಬೇಕು. ಅಂಗಡಿಯಲ್ಲಿ 900, ನಮ್ಮ ಹತ್ತಿರ 700 ಅಂತ ಮಾಡಿದರೆ ಅಂಗಡಿಯವರು ಎರಡನೇ ಸಲ ಬಾಗಿಲು ತೆರೆಯುವುದಿಲ್ಲ. ಎಲ್ಲ ಕಡೆ ಒಂದೇ ಬೆಲೆ ಇರಲಿ.

ಮನೆಯಲ್ಲಿ ಇಡುವುದಕ್ಕೂ ಒಂದು ಮಾತು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಸ್ಟು ಬರುವುದಿಲ್ಲ, ಸರಿ. ಬೆಂಗಳೂರಿನ ಗಿರಾಕಿಯೊಬ್ಬರು ಮಾತ್ರ "ಚೀಲ ಚೆನ್ನಾಗಿದೆ, ಹೊಗೆ ವಾಸನೆ ಯಾಕೆ" ಅಂತ ಕೇಳಿದರು. ಈಗ ಬಿಸಿಲಿದ್ದಾಗ ಚೆನ್ನಾಗಿ ಒಣಗಿಸಿ, ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಗಾಳಿಯಾಡುವಂತೆ ಇಡುತ್ತೇವೆ. ಪ್ಲಾಸ್ಟಿಕ್ ಕವರು ಕಳಿಸುವ ದಿನ ಮಾತ್ರ.

ಫೋನಿನಲ್ಲಿ ಮಾರುವುದು

ವಾಟ್ಸಾಪ್, ಇನ್‌ಸ್ಟಾಗ್ರಾಮ್. ಕಾಗದದ ಮೇಲೆ ಲಾಭ ಇದರಲ್ಲೇ ಜಾಸ್ತಿ. ಬಾಡಿಗೆ ಇಲ್ಲ, ಕಮಿಷನ್ ಇಲ್ಲ, ದುಡ್ಡು ಮೊದಲೇ ಯುಪಿಐಯಲ್ಲಿ ಬರುತ್ತದೆ. ನಮ್ಮ ಕಡೆಯ ಹೆಂಗಸರಿಗೆ ಇದು ಹೊಸದೂ ಅಲ್ಲ. 2021ರಲ್ಲಿ ಬಾಳೆಕಾಯಿಗೆ ಬೆಲೆ ಬಿದ್ದಾಗ ಬಾಕಾಹು, ಅಂದರೆ ಬಾಳೆಕಾಯಿ ಹುಡಿ, ಉತ್ತರ ಕನ್ನಡದ ಅಡುಗೆಮನೆಗಳಲ್ಲಿ ಹಬ್ಬಿದ್ದು ವಾಟ್ಸಾಪ್ ಗುಂಪುಗಳಿಂದಲೇ. ಪ್ರಧಾನಿಯವರ ರೇಡಿಯೋ ಮಾತಿನವರೆಗೂ ಅದು ಹೋಯಿತು.

ಇಲ್ಲಿ ಮುನ್ನೂರನ್ನು ತಿನ್ನುವುದು ಎರಡು. ಮೊದಲನೆಯದು ಮಾತು. "ಬೆಲೆ ಎಷ್ಟು?", "ಬೇರೆ ಬಣ್ಣ ಇದೆಯಾ?", "ಸ್ವಲ್ಪ ಕಡಿಮೆ ಮಾಡಿ". ಹತ್ತು ಜನ ಕೇಳಿದರೆ ಒಬ್ಬರು ಕೊಳ್ಳುತ್ತಾರೆ. ಅದಕ್ಕೇ ಬೆಲೆ, ಅಳತೆ, ತಲುಪುವ ದಿನ, ಮೂರನ್ನೂ ಫೋಟೋದ ಕೆಳಗೇ ಬರೆಯಿರಿ. ಅರ್ಧ ಪ್ರಶ್ನೆ ಅಲ್ಲಿಗೆ ನಿಲ್ಲುತ್ತದೆ. ಫೋಟೋವನ್ನು ಬೆಳಗ್ಗೆ ಎಂಟರ ಹೊತ್ತಿಗೆ ಜಗುಲಿಯಲ್ಲಿ ತೆಗೆಯಿರಿ, ಯಾರದಾದರೂ ಹೆಗಲ ಮೇಲೆ ಹಾಕಿ. ನೆಲದ ಮೇಲಿಟ್ಟ ಚೀಲ ಎಷ್ಟು ದೊಡ್ಡದು ಅಂತ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ಕೊರಿಯರ್. ಇದರಲ್ಲಿ ಒಂದು ಒಳಗುಟ್ಟಿದೆ. ಅನೇಕ ಕೊರಿಯರ್‌ಗಳು ತೂಕವನ್ನಷ್ಟೇ ನೋಡುವುದಿಲ್ಲ, ಡಬ್ಬಿಯ ಗಾತ್ರವನ್ನೂ ನೋಡುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದದ್ದು ನಿಜವಾದ ತೂಕಕ್ಕಿಂತ ಜಾಸ್ತಿಯಾದರೆ ಅದಕ್ಕೇ ದುಡ್ಡು. ಅತ್ತಿಗೆ ಮಾಡಿದ ಗಟ್ಟಿ ಬುಟ್ಟಿ 400 ಗ್ರಾಂ. ಅದರ ಡಬ್ಬಿ 30, 30, 20 ಸೆಂಟಿಮೀಟರ್. ಲೆಕ್ಕ ಹಾಕಿದರೆ 3.6 ಕಿಲೋ! ಗಾಳಿ ಕಳಿಸಲು ದುಡ್ಡು ಕೊಟ್ಟ ಹಾಗೆ. ಅದೇ ಮಡಚಿದ ಚೀಲ 35, 30, 4ರ ಕವರಿನಲ್ಲಿ ಹೋದರೆ 840 ಗ್ರಾಂ ಲೆಕ್ಕಕ್ಕೆ ಬರುತ್ತದೆ. ಆವತ್ತಿನಿಂದ ಬುಟ್ಟಿ ಮೇಳಕ್ಕೆ, ಚೀಲ ಫೋನಿಗೆ. ಗುಡಿಸಿ ಹಾಕುವ ಹಾಗೆ ಎಲ್ಲವನ್ನೂ ಎಲ್ಲ ಕಡೆ ಮಾರಲು ಆಗುವುದಿಲ್ಲ.

ತೆರಿಗೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕರ್ನಾಟಕದೊಳಗೆ ವಸ್ತು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಹೊರರಾಜ್ಯಕ್ಕೆ ಕಳಿಸಿದರೆ ನಿಯಮ ಬಿಗಿ. ಆದರೆ ಸರ್ಕಾರ ಪಟ್ಟಿ ಮಾಡಿದ ಕರಕುಶಲ ವಸ್ತುಗಳಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ, ಪ್ಯಾನ್ ಬೇಕು. ನಿಮ್ಮ ವಸ್ತು ಆ ಪಟ್ಟಿಯಲ್ಲಿದೆಯೇ ಅಂತ ಲೆಕ್ಕಪತ್ರ ನೋಡುವವರ ಹತ್ತಿರ ಒಮ್ಮೆ ಕೇಳಿಕೊಳ್ಳಿ. ದೊಡ್ಡ ಆನ್‌ಲೈನ್ ಮಾರಾಟ ತಾಣಗಳಲ್ಲಿ ಮೊದಲು ಜಿಎಸ್‌ಟಿ ನಂಬರು ಇಲ್ಲದೆ ಪ್ರವೇಶವೇ ಇರಲಿಲ್ಲ. 2023ರ ಅಕ್ಟೋಬರ್‌ನಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ, ಒಂದು ದಾಖಲಾತಿ ಸಂಖ್ಯೆ ಪಡೆದರೆ, ಅವಕಾಶ ಆಗಿದೆ. ನನ್ನ ಅಭಿಪ್ರಾಯ ಕೇಳಿದರೆ, ತಿಂಗಳಿಗೆ ಇಪ್ಪತ್ತು ಚೀಲ ಮಾಡುವವರು ಆ ತಾಣಗಳ ಗೊಡವೆಗೇ ಹೋಗಬಾರದು. ಕಮಿಷನ್ ಒಂದು ಕಡೆ, ವಾಪಸು ಬಂದ ಮಾಲಿನ ತಲೆಬಿಸಿ ಇನ್ನೊಂದು ಕಡೆ.

ಒಟ್ಟಿಗೆ ದೊಡ್ಡ ಆರ್ಡರ್

ಮದುವೆ, ಉಪನಯನ, ಗೃಹಪ್ರವೇಶದಲ್ಲಿ ಬಂದವರಿಗೆ ಕೊಡುವ ಉಡುಗೊರೆ. ಹೋಂಸ್ಟೇಗಳಿಗೆ ಬೇಕಾದ ಚಾಪೆ, ಬುಟ್ಟಿ. ಇದು ನಮ್ಮ ಊರಿಗೆ ಹಳೆಯ ಪದ್ಧತಿಯೇ. ನಮ್ಮ ಕಡೆಯ ಕುಶಲಕರ್ಮಿಗಳಾದ ಗುಡಿಗಾರರು ಬೆಂಡಿನ (ಹಗುರವಾದ ಗಿಡದ ತಿರುಳಿನ) ಬಾಸಿಂಗ ಕಟ್ಟುವುದು ಹೀಗೆ ಅಲ್ವಾ? ಮದುವೆ ಗೊತ್ತಾದ ಮೇಲೆ ಮನೆಯವರು ಹೋಗಿ ಹೇಳಿ ಬರುತ್ತಾರೆ. ಮಾರಾಟವಾಗದೆ ಉಳಿಯಿತು ಅನ್ನುವ ಮಾತೇ ಇಲ್ಲ.

ನಮಗೆ ಒಬ್ಬರು 200 ಚೀಲ, ಮೂರು ವಾರದಲ್ಲಿ ಬೇಕು ಅಂದರು. ಅತ್ತಿಗೆಗೆ ಖುಷಿಯೋ ಖುಷಿ. ಚೀಲಕ್ಕೆ ಐದು ಗಂಟೆಯಂತೆ 200ಕ್ಕೆ ಸಾವಿರ ಗಂಟೆ. ಮೂರು ಜನ ದಿನಕ್ಕೆ ಐದೈದು ಗಂಟೆ ಕೂತರೂ 67 ದಿನ. ಆಗುವುದಿಲ್ಲ ಅಂದೆವು. ಹಾಗೆ ಹೇಳಿ ಫೋನ್ ಇಡುವ ಬದಲು ಅತ್ತಿಗೆ ಕೇಳಿದರು, "ತಾಂಬೂಲ ಹಾಕಿ ಕೊಡೋಕೆ ಸಣ್ಣ ಸಂಚಿ ಆಗ್ತದಾ?" ಬಟ್ಟೆಯ ಸಂಚಿ, ಅಂಚಿಗೆ ಮಾತ್ರ ನಾರಿನ ಜಡೆ. ಒಂದಕ್ಕೆ ನಲವತ್ತು ನಿಮಿಷ. ಬಿದ್ದದ್ದು 70, ಕೊಟ್ಟದ್ದು 100. ಮೂರು ಜನ ಒಂಬತ್ತು ದಿನದಲ್ಲಿ ಮುಗಿಸಿದರು. ಕೂಲಿ ಎಲ್ಲ ಕಳೆದು 6,000 ಉಳಿಯಿತು. ನಮ್ಮ ಚೀಲ ಆ ವರ್ಷ ಪೂರ್ತಿ ಅಷ್ಟು ಉಳಿಸಿರಲಿಲ್ಲ.

ಅರ್ಧ ದುಡ್ಡು ಮುಂಗಡ ಇಲ್ಲದೆ ಕತ್ತರಿ ಮುಟ್ಟಬೇಡಿ. ನೆಂಟರಾದರೂ ಸೈ, ನೆಂಟರಾದರೆ ಇನ್ನೂ ಸೈ.

ಇದರ ಅಪಾಯ ಒಬ್ಬನೇ ಗಿರಾಕಿಯನ್ನು ನಂಬುವುದು. ಹಾಳೆ ತಟ್ಟೆ ಮಾಡುವವರನ್ನು ನೋಡಿ. ಹೊರದೇಶಕ್ಕೆ ಒಳ್ಳೆಯ ಬೇಡಿಕೆ ಇತ್ತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಡಿಕೆಯಲ್ಲಿರುವ ಅಂಶಗಳು ಊಟಕ್ಕೆ ಸೇರಬಹುದು ಅಂತ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು. ಮಷೀನಿಗೆ ಸಾಲ ತೆಗೆದು, ಅದೊಂದೇ ಕಡೆಗೆ ಕಳಿಸುತ್ತಿದ್ದವರ ಪಾಡು ಏನಾಗಿರಬೇಡ.

ಸಾಲ, ನೋಂದಣಿ, ಜೊತೆಗಾರರು

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ, ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಸಾಕು, ಸರ್ಕಾರಿ ತಾಣದಲ್ಲಿ ಪುಕ್ಕಟೆ. ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ಹೊಲಿಗೆ ಮಷೀನಿನಷ್ಟಕ್ಕೆ, ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಮುದ್ರಾ ಯೋಜನೆಯ ಶಿಶು ಸಾಲ ಇದೆ, 50,000ದವರೆಗೆ. 2023ರಲ್ಲಿ ಕೈಕಸುಬಿನವರಿಗಾಗಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ-ಚಾಪೆ ಹೆಣೆಯುವವರು, ಬಡಗಿಗಳು, ಕುಂಬಾರರು ಸೇರಿದ್ದಾರೆ. ತರಬೇತಿ, 15,000 ರೂಪಾಯಿಯ ಸಲಕರಣೆ ಸಹಾಯ, ಆಮೇಲೆ ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷದವರೆಗೆ ಸಾಲ. ಶೆಡ್ಡು, ಮಷೀನು ಅಂತ ದೊಡ್ಡದಾಗಿ ಹೋಗುವವರಿಗೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ: ಹಳ್ಳಿಯ ಹೆಂಗಸರಿಗೆ ಯೋಜನೆಯ ಮೊತ್ತದಲ್ಲಿ ನೂರಕ್ಕೆ 35 ಸಬ್ಸಿಡಿ. ಸಬ್ಸಿಡಿ ಸಿಗುತ್ತದೆ ಅಂತ ಮಷೀನು ತರುವುದು ಮಾತ್ರ ಬೇಡ. ಆರ್ಡರ್ ಕೈಮೀರಿದಾಗ ತನ್ನಿ.

ಸ್ವಸಹಾಯ ಸಂಘದ ಜೊತೆ ಸೇರಿ ಮಾಡಿದರೆ ಕೈಗಳು ಸಿಗುತ್ತವೆ. ಆದರೆ ಹತ್ತು ಕೈಗೆ ಹತ್ತು ಅಳತೆ. ಅತ್ತಿಗೆ ಬಡಗಿಯ ಹತ್ತಿರ ಮರದ ಅಚ್ಚು ಮಾಡಿಸಿ ಪ್ರತಿಯೊಬ್ಬರ ಮನೆಗೂ ಒಂದೊಂದು ಕೊಟ್ಟರು. ಜಡೆಯನ್ನು ಅದರ ಸುತ್ತ ಸುತ್ತಿ ಹೊಲಿದರೆ ಎಲ್ಲ ಒಂದೇ ಗಾತ್ರ. ಜಗಳವೂ ಕಡಿಮೆಯಾಯಿತು.

ಹಾಗಾದರೆ ಯಾವುದು?

ತಿಂಗಳಿಗೆ ಹತ್ತಿಪ್ಪತ್ತು ಮಾಡುವವರಾದರೆ, ಒಂದೊಂದಕ್ಕೂ ಗಂಟೆಗಟ್ಟಲೆ ಹಿಡಿಯುವುದಾದರೆ, ಮಡಚಿ ಕಳಿಸಲು ಬರುವುದಾದರೆ ಫೋನೇ ಸರಿ. ಸಣ್ಣದು, ಬೇಗ ಆಗುವುದು, ಒಂದೇ ತರಹ ನೂರು ಮಾಡಬಲ್ಲಿರಿ ಅಂದರೆ ಆರ್ಡರ್ ಹಿಡಿಯಿರಿ. ಅಂಗಡಿ ಅನ್ನುವುದು ಬಿದ್ದ ಖರ್ಚಿನ ಎರಡು ಪಟ್ಟು ಬೆಲೆಗೆ ಹೋಗುವ ವಸ್ತುವಿಗೆ ಮಾತ್ರ. ಲಾವಂಚದ ಸಣ್ಣಪುಟ್ಟ ಸಾಮಾನಿಗೆ ಪರಿಮಳವೇ ಗಿರಾಕಿಯನ್ನು ಕರೆಯುವುದರಿಂದ, ನನಗೆ ಕೇಳಿದರೆ ಅದು ಅಂಗಡಿಗೂ ಮೇಳಕ್ಕೂ ಹೊಂದುತ್ತದೆ. ಫೋಟೋದಲ್ಲಿ ಪರಿಮಳ ಕಳಿಸಲು ಬರುವುದಿಲ್ಲವಲ್ಲ.

ನಾವು ಈಗ ತುಳಸಿ ಮದುವೆ ಕಳೆದ ಮೇಲೆ ಸಂಚಿಯ ಆರ್ಡರ್ ಹಿಡಿಯುತ್ತೇವೆ, ಮೇ ತನಕ. ಚೀಲ ಫೋನಿನಲ್ಲಿ ವರ್ಷಪೂರ್ತಿ, ಮಳೆಗಾಲದಲ್ಲಿ ಸ್ವಲ್ಪ. ವರ್ಷಕ್ಕೊಂದು ಮೇಳ. ಅಂಗಡಿ ಒಂದೇ ಒಂದು, ಹತ್ತು ಚೀಲ, ಚೀಟಿಪುಸ್ತಕ. ಬೂಸ್ಟು ಹಿಡಿದು ಬಂದ 26ರಲ್ಲಿ ತೊಳೆದು ಒಣಗಿಸಿ ಉಳಿದದ್ದು ಆರೇಳು. ಅದರಲ್ಲೊಂದು ನಮ್ಮ ಅಡುಗೆಮನೆಯ ಕಿಟಕಿಗೆ ನೇತಾಡುತ್ತಿದೆ, ಅತ್ತಿಗೆ ಅದರಲ್ಲಿ ಬೆಳ್ಳುಳ್ಳಿ ಹಾಕಿಡುತ್ತಾರೆ. ಅದಕ್ಕೂ ಮೊಬೈಲ್ ಕಿಸೆ ಇಲ್ಲ.